ಯಜಮಾನರ ಮುಖದ ಗಾಯದ ಕಲೆಗೆ ಶೇ 10, ಕೈಯಿಗೆ ಸೊನ್ನೆ. ಮೇಲ್ಮನವಿಯಲ್ಲಿ ಏನು ನೋಡುತ್ತಾರೆ?

ಮಂಡ್ಯದ ಸೊಸೆ, ಸ್ಯಾನ್ ಆಂಟೋನಿಯೊ · 2025 ಮಾರ್ಚ್ 8

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸೇನೆಯಲ್ಲಿ ಇದ್ದು ಬಂದ ಕನ್ನಡದವರು ಇಲ್ಲಿ ಕೆಲವರಿದ್ದೀರಿ ಅಂತ ಗೆಳತಿ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಗ್ರೀನ್ ಕಾರ್ಡ್ ಬಂದ ಮೇಲೆ 2011ರಲ್ಲಿ ಆರ್ಮಿ ಸೇರಿದರು. ವಾಹನ ರಿಪೇರಿ ಕೆಲಸ. 2013ರಲ್ಲಿ ಕೆಟ್ಟ ಟ್ರಕ್ ಒಂದನ್ನು ಎಳೆಯುವಾಗ ಸರಪಳಿ ಕಿತ್ತು ಮುಖಕ್ಕೆ ಬಡಿಯಿತು. ಎಡಗಿವಿಯ ಕೆಳಗಿನಿಂದ ಗದ್ದದವರೆಗೆ ಹೊಲಿಗೆ ಹಾಕಿದರು. ಮರುವರ್ಷ ರೇಡಿಯೇಟರ್ ಮುಚ್ಚಳ ಹಾರಿ ಬಿಸಿನೀರು ಬಿದ್ದು ಬಲ ಮುಂಗೈ ಸುಟ್ಟಿತು. 2015ರಲ್ಲಿ ಸೇನೆ ಬಿಟ್ಟರು. ವಿಎಗೆ, ಅಂದರೆ ಅಮೆರಿಕದ ಮಾಜಿ ಸೈನಿಕರ ಇಲಾಖೆಗೆ, ಈ ಗಾಯಗಳಿಗೆ ಪರಿಹಾರ ಕೇಳಿ ಕ್ಲೇಮ್ ಹಾಕಿ ಅಂತ ನಾನು ಹೇಳುತ್ತಲೇ ಬಂದೆ. ಕಡೆಗೆ ಹಾಕಿದ್ದು ಹೋದ ವರ್ಷ.

ಜನವರಿಯಲ್ಲಿ ಪತ್ರ ಬಂತು, ಯಾವುದಕ್ಕೆ ಎಷ್ಟು ವೈಕಲ್ಯ ಅಂತ ಶೇಕಡಾ ಲೆಕ್ಕ ಹಾಕಿ. ಕಿವಿಯಲ್ಲಿ ಸದಾ ಗುಂಯ್ ಅನ್ನುವುದಕ್ಕೆ ಶೇ 10. ಮುಖದ ಕಲೆಗೆ ಶೇ 10. ಕೈಯ ಕಲೆಗೆ ಸೊನ್ನೆ. ಒಟ್ಟು ಶೇ 20.

ಅದಕ್ಕೂ ಮುಂಚಿನ ವೈದ್ಯಕೀಯ ಪರೀಕ್ಷೆಗೆ ನಾನೂ ಜೊತೆಗೆ ಹೋಗಿದ್ದೆ. ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಸ್ಕೇಲ್ ಹಿಡಿದು ಉದ್ದ ಅಗಲ ಬರೆದುಕೊಂಡರು. ಮುಖ ಮುಟ್ಟಿ ನೋಡಲಿಲ್ಲ. "ಈಗ ನೋವಿದೆಯಾ?" ಅಂತ ಕೇಳಿದರು. ಇವರು "ಇಲ್ಲ ಮ್ಯಾಮ್, ಆರಾಮಾಗಿದ್ದೇನೆ" ಅಂದುಬಿಟ್ಟರು! ಮನೆಯಲ್ಲಿ ನೋಡುವವಳು ನಾನು. ಚಳಿಗಾಳಿ ಬೀಸಿದರೆ ಕೆನ್ನೆ ಹಿಡಿದುಕೊಂಡು ಕೂರುತ್ತಾರೆ. ಆ ಕಡೆ ಗಡ್ಡ ಹೆರೆಯಲು ಆಗುವುದಿಲ್ಲ, ಕತ್ತರಿಯಲ್ಲಿ ಕತ್ತರಿಸುತ್ತಾರೆ. ತುಂಬು ತೋಳಿನ ಅಂಗಿ ಉಜ್ಜಿದರೆ ಕೈಯ ಚರ್ಮ ಕಿತ್ತು ಬರುತ್ತದೆ. ಎಷ್ಟು ಅಂಗಿಗೆ ರಕ್ತದ ಕಲೆ ಹಿಡಿದಿದೆಯೋ ಲೆಕ್ಕವಿಲ್ಲ.

ಇದನ್ನು ಯಾರಿಗೆ ಹೇಳಬೇಕು? ಮೇಲ್ಮನವಿ ಹಾಕಿದರೆ ಅಲ್ಲಿ ಏನನ್ನು ನೋಡಿ ನಿರ್ಧಾರ ಮಾಡುತ್ತಾರೆ?

ಹೊಸಬ, ನ್ಯೂಜೆರ್ಸಿ · ಮಾರ್ಚ್ 8

ಅಕ್ಕ, ನನ್ನ ಜೊತೆ ಕೆಲಸ ಮಾಡುವ ಮಾಜಿ ಸೈನಿಕರೊಬ್ಬರು ಒಂದು ಕಂಪನಿಯಿಂದ ಕ್ಲೇಮ್ ಮಾಡಿಸಿಕೊಳ್ಳುತ್ತಿದ್ದಾರೆ. ಪರಿಹಾರ ಎಷ್ಟು ಏರುತ್ತದೋ ಅದರ ಐದಾರು ತಿಂಗಳ ಹಣ ಕೊಡಬೇಕಂತೆ. ಎಲ್ಲ ಕಾಗದ ಅವರೇ ನೋಡಿಕೊಳ್ಳುತ್ತಾರಂತೆ. ವಿಚಾರಿಸಲಾ?

ಹಳೆ ಕಡತ, ವರ್ಜೀನಿಯಾ · ಮಾರ್ಚ್ 9

ತಮ್ಮಾ, ದಯವಿಟ್ಟು ಬೇಡ. ಇಂಥ ಕೇಸು ನಡೆಸಲು ವಿಎ ಮಾನ್ಯತೆ ಇರಬೇಕು. ಮಾನ್ಯತೆ ಇರುವ ವಕೀಲರು ಕೂಡ ಮೊದಲ ತೀರ್ಪು ಬರುವ ತನಕ ಫೀಸು ಕೇಳುವ ಹಾಗಿಲ್ಲ. ಆಮೇಲೂ ಹಿಂಬಾಕಿ ಹಣದಲ್ಲಿ ಶೇ 20ರವರೆಗೆ ನ್ಯಾಯವಾದ ಫೀಸು ಅಂತ ಲೆಕ್ಕ. ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ, ಡಿಎವಿ ಅನ್ನುವ ಮಾಜಿ ಸೈನಿಕರ ಸಂಘಗಳಲ್ಲಿ ಮಾನ್ಯತೆ ಪಡೆದ ಸರ್ವಿಸ್ ಆಫೀಸರ್‌ಗಳು ಇದ್ದಾರೆ. ಒಂದು ಡಾಲರ್ ತೆಗೆದುಕೊಳ್ಳದೆ ಮಾಡಿಕೊಡುತ್ತಾರೆ. ನಾನೂ ನಿವೃತ್ತನಾದ ಮೇಲೆ ಕೆಲವು ವರ್ಷ ಅದೇ ಕೆಲಸ ಮಾಡಿದವನು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನಮ್ಮ. ಸ್ವಲ್ಪ ಉದ್ದ ಆಗುತ್ತದೆ.

ಗಾಯ ಸೇವೆಯಲ್ಲಿ ಆದದ್ದು ಅನ್ನುವುದನ್ನು ಒಪ್ಪಿ ಆಗಿದೆ. ಕೈಯಿಗೆ ಸೊನ್ನೆ ಕೊಟ್ಟಿದ್ದರೂ ಸೇವೆಯಿಂದ ಆದದ್ದು ಅಂತ ಒಪ್ಪಿದ ಮೇಲೆಯೇ ಕೊಟ್ಟ ಸೊನ್ನೆ ಅದು. ಹಾಗಾಗಿ ಸರಪಳಿ ಹೇಗೆ ಕಿತ್ತಿತು, ಯಾರು ನೋಡಿದರು ಅಂತ ಇನ್ನು ಬರೆಯುವ ಅಗತ್ಯವಿಲ್ಲ. ಬಹಳ ಜನ ಮೇಲ್ಮನವಿಯಲ್ಲಿ ನಾಲ್ಕು ಪುಟ ಆ ದಿನದ ಕತೆ ಬರೆದು, ಇವತ್ತು ಆ ಕಲೆ ಏನು ಕಾಟ ಕೊಡುತ್ತಿದೆ ಅನ್ನುವುದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಅದು ಉಲ್ಟಾ ಆಗಬೇಕು.

ಕಲೆಗಳ ರೇಟಿಂಗ್ ಇರುವುದು ಫೆಡರಲ್ ನಿಯಮಾವಳಿಯ 38ನೇ ಭಾಗದ 4.118ರಲ್ಲಿ. 7800ರಿಂದ 7805ರವರೆಗೆ ಕೋಡ್‌ಗಳು. ಪತ್ರ ಇನ್ನೊಮ್ಮೆ ತೆಗೆದು ನೋಡಿ. ಯಾವ ಕೋಡ್ ಕೆಳಗೆ ಕೊಟ್ಟಿದ್ದಾರೆ ಅಂತ ಬರೆದಿರುತ್ತದೆ.

7800 ತಲೆ, ಮುಖ, ಕುತ್ತಿಗೆಯ ಕಲೆಗೆ. ಇದರಲ್ಲಿ ಎಂಟು ಲಕ್ಷಣಗಳಿವೆ. ಉದ್ದ 13 ಸೆಂಟಿಮೀಟರ್ ಅಥವಾ ಜಾಸ್ತಿ. ಅತಿ ಅಗಲವಾದ ಜಾಗದಲ್ಲಿ 0.6 ಸೆಂಟಿಮೀಟರ್ ಅಥವಾ ಜಾಸ್ತಿ. ಮುಟ್ಟಿದರೆ ಉಬ್ಬಿದೆ ಅಥವಾ ತಗ್ಗಿದೆ ಅಂತ ತಿಳಿಯುವುದು. ಕಲೆ ಒಳಗಿನ ಮಾಂಸಕ್ಕೆ ಅಂಟಿಕೊಂಡಿರುವುದು. ಉಳಿದ ನಾಲ್ಕೂ 39 ಚದರ ಸೆಂಟಿಮೀಟರ್ ದಾಟಬೇಕು: ಬಣ್ಣ ಬದಲಾಗಿರುವುದು, ಚರ್ಮದ ನಯ ಕೆಟ್ಟಿರುವುದು, ಒಳಗಿನ ಮಾಂಸ ಹೋಗಿರುವುದು, ಚರ್ಮ ಗಟ್ಟಿಯಾಗಿ ಬಾಗದೆ ಇರುವುದು.

ಒಂದು ಲಕ್ಷಣ ಇದ್ದರೆ ಶೇ 10. ಎರಡು ಅಥವಾ ಮೂರು ಇದ್ದರೆ ನೇರವಾಗಿ ಶೇ 30. ನಾಲ್ಕು ಅಥವಾ ಐದಕ್ಕೆ 50, ಆರು ಅಥವಾ ಜಾಸ್ತಿ ಇದ್ದರೆ 80. ಮಾಂಸ ಹೋಗಿ ಮೂಗು, ತುಟಿ, ಕಣ್ಣು ಇಂಥ ಅಂಗದ ಆಕಾರವೇ ಕೆಟ್ಟಿದ್ದರೆ ಅದಕ್ಕೆ ಬೇರೆ ದಾರಿ ಇದೆ. ನಿಮ್ಮವರಿಗೆ ಅದು ಬೇಕಾಗಲಿಕ್ಕಿಲ್ಲ ಅನ್ನಿಸುತ್ತದೆ.

ಅವರಿಗೆ ಶೇ 10 ಬಂದಿದೆ ಅಂದರೆ ಒಂದು ಲಕ್ಷಣ ಎಣಿಸಿದ್ದಾರೆ. ಬಹುಶಃ ಅಗಲ. ಇನ್ನು ಒಂದೇ ಒಂದು ಸಿಕ್ಕರೆ 30 ಆಗುತ್ತದೆ. ನೀವು ಬರೆದದ್ದರಲ್ಲಿ ನನ್ನನ್ನು ನಿಲ್ಲಿಸಿದ್ದು "ಮುಟ್ಟಿ ನೋಡಲಿಲ್ಲ" ಅನ್ನುವ ಮಾತು. ಉಬ್ಬು ತಗ್ಗು, ಅಂಟು ಇವೆರಡನ್ನೂ ಕಣ್ಣಿನಿಂದ ತಿಳಿಯಲು ಆಗುವುದಿಲ್ಲ. ಬೆರಳಿನಿಂದ ತಿಳಿಯಬೇಕು. ಮುಟ್ಟದೆ "ಅಂಟಿಲ್ಲ" ಅಂತ ಬರೆದಿದ್ದರೆ ಆ ಪರೀಕ್ಷೆಯೇ ಅರೆಬರೆ. ಪರೀಕ್ಷೆ ಮಾಡಿಸಿದ ಮೇಲೆ ಅದು ಸಾಕಷ್ಟು ಇರಬೇಕು ಅಂತ 2007ರಲ್ಲಿ ಬಾರ್ ಕೇಸಿನಲ್ಲಿ ಮಾಜಿ ಸೈನಿಕರ ಮೇಲ್ಮನವಿ ಕೋರ್ಟು ಹೇಳಿದೆ.

ನೋವು, ಚರ್ಮ ಕೀಳುವುದು ಇವೆಲ್ಲ 7804ಕ್ಕೆ ಬರುತ್ತವೆ. ಅದನ್ನು ಸಂಜೆ ಬರೆಯುತ್ತೇನೆ.

ಮಂಡ್ಯದ ಸೊಸೆ, ಸ್ಯಾನ್ ಆಂಟೋನಿಯೊ · ಮಾರ್ಚ್ 9

ಸರ್, ಪತ್ರ ತೆಗೆದು ನೋಡಿದೆ. ನೀವು ಹೇಳಿದ ಹಾಗೆಯೇ ಇದೆ. 7800, ಅಗಲ 0.7, ಉದ್ದ 9 ಸೆಂಟಿಮೀಟರ್. ಒಂದು ಲಕ್ಷಣ. "ಉಬ್ಬು ತಗ್ಗು ಇಲ್ಲ, ಅಂಟಿಲ್ಲ, ನೋವಿಲ್ಲ." ಕೈಯದು 8 ಉದ್ದ, 4 ಅಗಲ.

ಒಂದು ಪ್ರಶ್ನೆ. ಇವರ ಮೈಬಣ್ಣ ಕಪ್ಪು. ಆ ಗೆರೆ ಬಿಳುಪಾಗಿ ಎದ್ದು ಕಾಣುತ್ತದೆ. ಮದುವೆ ಮನೆಗೆ ಹೋದರೆ ಎಲ್ಲರ ಕಣ್ಣೂ ಅಲ್ಲೇ. ಬಣ್ಣದ್ದೂ ಒಂದು ಲಕ್ಷಣ ಆಗಬೇಕಲ್ವಾ?

ನರ್ಸಮ್ಮ, ಒಹಾಯೊ · ಮಾರ್ಚ್ 9

ಅದಕ್ಕೆ ನಾನು ಹೇಳುತ್ತೇನೆ. 9 ಸೆಂಟಿಮೀಟರ್ ಉದ್ದ, 0.7 ಅಗಲ ಅಂದರೆ ಆರು ಚದರ ಸೆಂಟಿಮೀಟರ್ ಸುಮಾರು. ಬಣ್ಣಕ್ಕೆ 39 ದಾಟಬೇಕು. ಹಾಗಾಗಿ ಬರುವುದಿಲ್ಲ. ನನಗೂ ಇದು ಸರಿ ಅನ್ನಿಸುವುದಿಲ್ಲ. ನಮ್ಮಂಥ ಕಂದು ಕಪ್ಪು ಮೈಬಣ್ಣದವರಲ್ಲಿ ಸಣ್ಣ ಗೆರೆಯೂ ದೂರದಿಂದ ಕಾಣುತ್ತದೆ. ಆದರೆ ನಿಯಮ ವಿಸ್ತೀರ್ಣವನ್ನು ಮಾತ್ರ ಎಣಿಸುತ್ತದೆ, ಎಷ್ಟು ಎದ್ದು ಕಾಣುತ್ತದೆ ಅನ್ನುವುದನ್ನಲ್ಲ.

ಕೈಯದು 32 ಚದರ ಸೆಂಟಿಮೀಟರ್. ಒಳಗಿನ ಮಾಂಸಕ್ಕೂ ಪೆಟ್ಟಾಗಿದ್ದರೆ 7801ರಲ್ಲಿ 39ರಿಂದ ಶುರು. ಮೇಲಿನ ಚರ್ಮಕ್ಕೆ ಮಾತ್ರ ಆಗಿದ್ದರೆ 7802ರಲ್ಲಿ 929 ಚದರ ಸೆಂಟಿಮೀಟರ್ ಬೇಕು. ಅಂದರೆ ಬೆನ್ನಿನ ದೊಡ್ಡ ಭಾಗ ಸುಟ್ಟಷ್ಟು. ಅಳತೆಯ ದಾರಿಯಲ್ಲಿ ಕೈಯಿಗೆ ಏನೂ ಬರುವುದಿಲ್ಲ. ಸೊನ್ನೆ ಬಂದದ್ದು ಅದಕ್ಕೇ.

ಅಕ್ಕ, ಒಂದು ಮಾಡಿ. ಇವತ್ತು ರಾತ್ರಿ ಕೈ ತೊಳೆದುಕೊಂಡು ಮುಖದ ಕಲೆಯನ್ನು ಹೆಬ್ಬೆರಳು ತೋರುಬೆರಳಿನಿಂದ ಮೆಲ್ಲಗೆ ಹಿಡಿದು ಅತ್ತಿತ್ತ ಸರಿಸಿ ನೋಡಿ. ಬಲ ಕೆನ್ನೆಯಲ್ಲೂ ಅದೇ ಜಾಗದಲ್ಲಿ ಮಾಡಿ ನೋಡಿ. ಬಲಗಡೆ ಚರ್ಮ ಜಾರಿ, ಎಡಗಡೆ ಕಲೆ ಅಲ್ಲೇ ನಿಂತರೆ ಅದು ಅಂಟಿದೆ ಅಂತ ಅರ್ಥ. ನೀವು ನೋಡಿದ್ದು ಡಾಕ್ಟರ್ ಮಾತಿನ ಜಾಗಕ್ಕೆ ಬರುವುದಿಲ್ಲ. ಆದರೆ ಡಾಕ್ಟರ್ ಹತ್ತಿರ ಏನು ಕೇಳಬೇಕು ಅಂತ ನಿಮಗೆ ಗೊತ್ತಾಗುತ್ತದೆ.

ಹಳೆ ಕಡತ, ವರ್ಜೀನಿಯಾ · ಮಾರ್ಚ್ 9

ನರ್ಸಮ್ಮ ಹೇಳಿದ್ದು ಸರಿಯಾಗಿದೆ. ಈಗ 7804.

ಈ ಕೋಡ್ ಅಳತೆ ನೋಡುವುದಿಲ್ಲ, ಎಣಿಕೆ ನೋಡುತ್ತದೆ. ನೋವಿರುವ ಅಥವಾ ಚರ್ಮ ಪದೇ ಪದೇ ಕಿತ್ತುಬರುವ ಕಲೆ ಒಂದು ಅಥವಾ ಎರಡು ಇದ್ದರೆ ಶೇ 10. ಮೂರು ಅಥವಾ ನಾಲ್ಕಕ್ಕೆ 20. ಐದು ಅಥವಾ ಜಾಸ್ತಿ ಇದ್ದರೆ 30. ಒಂದೇ ಕಲೆಯಲ್ಲಿ ನೋವೂ ಇದ್ದು ಚರ್ಮವೂ ಕೀಳುತ್ತಿದ್ದರೆ ಇನ್ನು 10 ಸೇರಿಸಬೇಕು. ನಿಮ್ಮವರ ಮುಖದಲ್ಲಿ ನೋವು, ಕೈಯಲ್ಲಿ ಎರಡೂ ಇದೆ. ದಾಖಲೆ ಸರಿಯಾಗಿ ನಿಂತರೆ ಇಲ್ಲಿ ಶೇ 20.

ಮುಖಕ್ಕೆ 7800ರಲ್ಲಿ ಕೊಟ್ಟಾಯಿತಲ್ಲ, ಮತ್ತೆ ನೋವಿಗೆ ಯಾಕೆ ಕೊಡುತ್ತಾರೆ ಅಂತ ಕೇಳಬಹುದು. ಒಂದೇ ತೊಂದರೆಗೆ ಎರಡು ಸಲ ಕೊಡಬಾರದು ಅನ್ನುವ ನಿಯಮ ಇದೆ, 4.14. ಆದರೆ ತೊಂದರೆಗಳೇ ಬೇರೆ ಬೇರೆ ಆಗಿದ್ದರೆ ಬೇರೆ ಬೇರೆ ಕೊಡಬೇಕು. ಇದನ್ನು ತೀರ್ಮಾನ ಮಾಡಿದ್ದೇ ಮುಖದ ಗಾಯದ ಒಂದು ಕೇಸು. 1994ರ ಎಸ್ಟೆಬಾನ್ ಕೇಸು. ಮುಖಕ್ಕೆ ಪೆಟ್ಟಾದ ಮಾಜಿ ಸೈನಿಕ. ಮುಖ ವಿಕಾರವಾದದ್ದಕ್ಕೆ ಒಂದು, ಕಲೆಯ ನೋವಿಗೆ ಒಂದು, ಅಗಿಯಲು ಆಗದ ಹಾಗೆ ಸ್ನಾಯು ಕೆಟ್ಟದ್ದಕ್ಕೆ ಒಂದು. ಮೂರೂ ಬೇರೆ ಅಂತ ಕೋರ್ಟು ಹೇಳಿತು. ಈಗ 7800ರ ಕೆಳಗಿನ ಟಿಪ್ಪಣಿಯಲ್ಲೇ ನೋವು, ನರ, ಸ್ನಾಯು ಬೇರೆಯಾಗಿ ನೋಡಿ ಅಂತ ಬರೆದಿದ್ದಾರೆ. ನಿಮ್ಮವರಿಗೆ ಬಾಯಿ ಪೂರ್ತಿ ತೆರೆಯಲು, ಅಗಿಯಲು ಕಷ್ಟ ಇದೆಯಾ? ಕೆನ್ನೆ ಮರಗಟ್ಟಿದೆಯಾ? ಇದ್ದರೆ ಹೇಳಿ.

ಇನ್ನೊಂದು ಮಾತು. ಪರೀಕ್ಷೆಯ ದಿನ "ಈಗ ನೋವಿಲ್ಲ" ಅಂದದ್ದರಿಂದ ಎಲ್ಲ ಮುಗಿಯಿತು ಅಂತ ಅಂದುಕೊಳ್ಳಬೇಡಿ. 2008ಕ್ಕಿಂತ ಮುಂಚೆ ಈ ಕೋಡಿನಲ್ಲಿ "ಪರೀಕ್ಷೆಯಲ್ಲಿ ನೋವು ಇರುವ ಕಲೆ" ಅಂತ ಇತ್ತು. 2008ರ ಅಕ್ಟೋಬರ್‌ನಲ್ಲಿ ಬದಲಾಯಿಸಿದರು. ಈಗ "ನೋವಿನ ಕಲೆ" ಅಂತ ಅಷ್ಟೇ ಇದೆ. ಆ ಹನ್ನೆರಡು ನಿಮಿಷದಲ್ಲೇ ನೋವು ಕಾಣಿಸಬೇಕು ಅಂತ ನಿಯಮ ಹೇಳುವುದಿಲ್ಲ. ನೋವಿದೆ ಅಂತ ಹೇಳಲು ಡಾಕ್ಟರ್ ಆಗಬೇಕಿಲ್ಲ. ಅನುಭವಿಸುವವರು ಹೇಳಬಹುದು. ಪಕ್ಕದಲ್ಲಿ ಇದ್ದು ನೋಡುವವರು ತಾವು ಕಂಡದ್ದನ್ನು ಹೇಳಬಹುದು. ನೀವು ಮೊದಲ ದಿನ ಇಲ್ಲಿ ಬರೆದ ಗಡ್ಡ, ಅಂಗಿ, ಚಳಿಗಾಳಿ, ಅದೇ ನಿಮ್ಮ ಸಾಕ್ಷಿ ಅಮ್ಮ. ಅದನ್ನೇ ಹಾಗೆಯೇ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿ.

ಮಂಡಿನೋವು, ಕೊಲರಾಡೊ · ಮಾರ್ಚ್ 11

ನನ್ನದು ವಿಎಯ ಮೇಲ್ಮನವಿ ಬೋರ್ಡಿನವರೆಗೆ ಹೋದ ಕೇಸು. ಹೇಳುತ್ತೇನೆ.

ಮಂಡಿ ಚಿಪ್ಪಿನ ಹತ್ತಿರ ಕೀಹೋಲ್ ಆಪರೇಷನ್ ಆಗಿ ಮೂರು ಸಣ್ಣ ಕಲೆ ಉಳಿದವು. ಒಂದೊಂದೂ ಅವರೆಕಾಳಿನಷ್ಟು. ಮಂಡಿ ಸೇವೆಯಿಂದ ಕೆಟ್ಟದ್ದು ಅಂತ ಒಪ್ಪಿದ್ದರಿಂದ ಕಲೆಗಳನ್ನೂ ಒಪ್ಪಿದರು. ರೇಟಿಂಗ್ ಮಾತ್ರ ಸೊನ್ನೆ, ತೀರಾ ಚಿಕ್ಕವು ಅಂತ. ನಾನೂ ನಂಬಿ ಸುಮ್ನೆ ಕೂತಿದ್ದೆ. ಆಮೇಲೆ ಲೀಜನ್ನಿನ ಒಬ್ಬ ಹಿರಿಯರು ಕೂರಿಸಿಕೊಂಡು ಕೇಳಿದರು. ಮಂಡಿಯೂರಿದರೆ ಏನಾಗುತ್ತದೆ? ಸೂಜಿ ಚುಚ್ಚಿದ ಹಾಗೆ ಆಗುತ್ತದೆ ಅಂದೆ. ಮೂರರಲ್ಲೂ? ಮೂರರಲ್ಲೂ. "ಹಾಗಾದರೆ ಅದು ಶೇ 20" ಅಂದರು. ನೋವಿಗೆ ಗಾತ್ರದ ಲೆಕ್ಕ ಇಲ್ಲ ಅನ್ನುವುದು ಆವತ್ತು ಗೊತ್ತಾಯಿತು.

ಬೋರ್ಡಿಗೆ ಹಾಕಿದೆ. ಅಲ್ಲಿ ಮೂರು ಸಾಲು ಇವೆ. ಇದ್ದ ಕಡತವನ್ನೇ ನೋಡಿ ಅನ್ನುವುದು ಒಂದು. ಮನವಿ ತಲುಪಿ 90 ದಿನದೊಳಗೆ ಹೊಸ ದಾಖಲೆ ಕೊಡುವುದು ಇನ್ನೊಂದು. ಜಡ್ಜ್ ಮುಂದೆ ಮಾತಾಡುವುದು ಮೂರನೆಯದು. ನಾನು ಎರಡನೆಯದು ತೆಗೆದುಕೊಂಡೆ. ಎರಡು ವರ್ಷದ ಮೇಲೆ ಆಯಿತು. ತೀರ್ಪಿನಲ್ಲಿ ಜಡ್ಜ್ ಏನು ಬರೆದರು ಅನ್ನುವುದನ್ನು ಮರೆಯುವುದಿಲ್ಲ. ಪರೀಕ್ಷೆಯವರು ನೋವಿಲ್ಲ ಅಂತ ಬರೆದಿದ್ದಾರೆ, ಇವರು ಇದೆ ಅನ್ನುತ್ತಾರೆ. ಆದರೆ ಪರಿಹಾರ ಕೇಳುವ ಮುಂಚೆಯೇ ಫಿಸಿಯೋಥೆರಪಿಯವರ ಹತ್ತಿರ ಇದೇ ಮಾತು ಹೇಳಿದ್ದಾರೆ, ಅದು ಅವರ ಟಿಪ್ಪಣಿಯಲ್ಲಿದೆ. ಹಾಗಾಗಿ ನಂಬುತ್ತೇನೆ. ಎರಡೂ ಕಡೆಯ ಸಾಕ್ಷಿ ಸಮಸಮ ಇದ್ದರೆ ಅನುಮಾನದ ಲಾಭ ಮಾಜಿ ಸೈನಿಕನಿಗೆ ಹೋಗಬೇಕು ಅಂತ ಕಾನೂನಿನಲ್ಲೇ ಇದೆ.

ನನ್ನನ್ನು ಉಳಿಸಿದ್ದು ಆ ಫಿಸಿಯೋ ಹುಡುಗಿ ಬರೆದಿಟ್ಟ ಒಂದೂವರೆ ಸಾಲು. ನಾನು ಹೇಳಿದ್ದೂ ನೆನಪಿರಲಿಲ್ಲ.

ಹಳೆ ಕಡತ, ವರ್ಜೀನಿಯಾ · ಮಾರ್ಚ್ 11

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಜಡ್ಜ್ ಡಾಕ್ಟರ್ ಅಲ್ಲ. ತಾವೇ ವೈದ್ಯಕೀಯ ಅಭಿಪ್ರಾಯ ಕಟ್ಟುವ ಹಾಗಿಲ್ಲ, 1991ರ ಕಾಲ್ವಿನ್ ಕೇಸು ಅದನ್ನೇ ಹೇಳುತ್ತದೆ. ಕಡತದಲ್ಲಿ ಇರುವುದನ್ನು ತೂಗಿ ನೋಡುತ್ತಾರೆ. ಯಾವ ಮಾತು ಹಳೆಯದು, ಯಾವುದು ಒಂದಕ್ಕೊಂದು ಹೊಂದುತ್ತದೆ, ಪರೀಕ್ಷೆಯವರು ಎಲ್ಲ ಪ್ರಶ್ನೆಗೂ ಉತ್ತರ ಬರೆದಿದ್ದಾರಾ ಅಂತ. ಯಾಕೆ ನಂಬಿದೆ, ಯಾಕೆ ನಂಬಲಿಲ್ಲ ಅನ್ನುವುದಕ್ಕೆ ಕಾರಣ ಬರೆಯಲೇಬೇಕು. ಕಾರಣ ಇಲ್ಲದಿದ್ದರೆ ಮೇಲಿನ ಕೋರ್ಟು ವಾಪಸ್ ಕಳಿಸುತ್ತದೆ. ಕಡತ ಸಾಲದಿದ್ದರೆ ಬೋರ್ಡು ಕೆಳಗೆ ಕಳಿಸಿ ಹೊಸ ಪರೀಕ್ಷೆ ಮಾಡಿಸಿ ಅನ್ನುತ್ತದೆ. ಕಲೆಗಳ ಕೇಸಿನಲ್ಲಿ ಇದನ್ನು ನಾನು ಬಹಳ ಸಲ ನೋಡಿದ್ದೇನೆ. ಗೆಲುವೂ ಅಲ್ಲ, ಸೋಲೂ ಅಲ್ಲ, ಇನ್ನೊಂದು ಸುತ್ತು.

ಬೋರ್ಡಿನ ತೀರ್ಪುಗಳು ಹೆಸರು ತೆಗೆದು ಎಲ್ಲರಿಗೂ ಓದಲು ಸಿಗುತ್ತವೆ. ಒಂದು ತೀರ್ಪು ಇನ್ನೊಂದು ಕೇಸನ್ನು ಕಟ್ಟಿಹಾಕುವುದಿಲ್ಲ. ಆದರೂ 7800, 7804 ಅಂತ ಹುಡುಕಿ ಹತ್ತಿಪ್ಪತ್ತು ಓದಿ. ಎಲ್ಲಿ ಸೋತರು, ಯಾವ ಸಾಲು ಇಲ್ಲದೆ ಸೋತರು ಅಂತ ಕಣ್ಣಿಗೆ ಬೀಳುತ್ತದೆ.

ಅಮ್ಮ, ನಿಮ್ಮವರಿಗೆ ಮೊದಲೇ ಬೋರ್ಡು ಬೇಡ ಅನ್ನುತ್ತೇನೆ. 2019ರ ಫೆಬ್ರವರಿಯಿಂದ ಮೂರು ದಾರಿ ಇವೆ. ಹಿರಿಯ ಅಧಿಕಾರಿಯ ಮರುಪರಿಶೀಲನೆ ಒಂದು. ಅಲ್ಲಿ ಹೊಸ ಕಾಗದ ತೆಗೆದುಕೊಳ್ಳುವುದಿಲ್ಲ. ಸಪ್ಲಿಮೆಂಟಲ್ ಕ್ಲೇಮ್ ಇನ್ನೊಂದು. ಅದಕ್ಕೆ ಹೊಸದಾದ, ವಿಷಯಕ್ಕೆ ಸಂಬಂಧಪಟ್ಟ ದಾಖಲೆ ಬೇಕು. ಮೂರನೆಯದು ಬೋರ್ಡು. ನಿಮ್ಮ ಹತ್ತಿರ ಹೊಸದು ಇದೆ. ನಿಮ್ಮ ಹೇಳಿಕೆ, ಅಂಗಿಯ ಫೋಟೋ, ಚರ್ಮದ ಡಾಕ್ಟರ್ ಬರೆದುಕೊಡುವುದು. ಹಾಗಾಗಿ ಎರಡನೆಯ ದಾರಿ, ಫಾರಂ 20-0995. ಪತ್ರದ ತಾರೀಖಿನಿಂದ ಒಂದು ವರ್ಷದೊಳಗೆ ಹಾಕಿದರೆ ಮೊದಲ ಕ್ಲೇಮಿನ ತಾರೀಖು ಉಳಿಯುತ್ತದೆ. ಗೆದ್ದರೆ ಅಲ್ಲಿಂದಲೇ ಹಿಂಬಾಕಿ ಬರುತ್ತದೆ. ವರ್ಷ ದಾಟಿದರೆ ಅದು ಹೋಯಿತು. ದಯವಿಟ್ಟು ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿ.

ಡಾಕ್ಟರ್ ಹತ್ತಿರ ಹೋಗುವಾಗ ವಿಎಯ ಕಲೆಗಳ ಪ್ರಶ್ನಾವಳಿ, ಡಿಬಿಕ್ಯೂ ಅನ್ನುತ್ತಾರಲ್ಲ, ಅದನ್ನು ಪ್ರಿಂಟ್ ತೆಗೆದುಕೊಂಡು ಹೋಗಿ. ಹೊರಗಿನ ಡಾಕ್ಟರೂ ತುಂಬಬಹುದು. ಅದರಲ್ಲಿ ಈ ಲಕ್ಷಣಗಳೆಲ್ಲ ಕೇಳಿರುತ್ತವೆ.

ಸುಬೇದಾರರ ಮಗ, ಮಡಿಕೇರಿ · ಮಾರ್ಚ್ 12

ಓದುತ್ತಾ ನಮ್ಮ ತಂದೆಯವರು ನೆನಪಾದರು. ಇಲ್ಲಿ ಮೆಡಿಕಲ್ ಬೋರ್ಡು ಹಾಕುವ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಡಿಸೆಬಿಲಿಟಿ ಪಿಂಚಣಿಯೇ ಇಲ್ಲ. ಅಪ್ಪನ ಕಾಲಿನ ಗಾಯಕ್ಕೆ 11ರಿಂದ 14 ಅಂತ ಬರೆದು ಮುಗಿಸಿದರು. ನಮ್ಮ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲೂ ಹೀಗೆ ಒಂದೊಂದು ಕಲೆ ಎಣಿಸುತ್ತಾರಾ?

ಹಳೆ ಕಡತ, ವರ್ಜೀನಿಯಾ · ಮಾರ್ಚ್ 12

ಇಲ್ಲಪ್ಪ, ಆ ಲೆಕ್ಕವೇ ಬೇರೆ. ಅಲ್ಲಿ ಹೆಚ್ಚಿನ ಜಗಳ ನಡೆಯುವುದು ಕಾಯಿಲೆ ಸೇವೆಯಿಂದ ಬಂತಾ ಇಲ್ಲವಾ ಅನ್ನುವುದರ ಮೇಲೆ. ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಬಂದರೆ ಅನುಮಾನದ ಲಾಭ ಸೈನಿಕನಿಗೆ ಅಂತ 2013ರಲ್ಲಿ ಧರಮ್‌ವೀರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ತಂದೆಯವರ ಕಾಗದ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ತೋರಿಸಿ. ಬೇರೆ ಎಳೆ ಶುರು ಮಾಡಿ, ಗೊತ್ತಿರುವವರು ಖಂಡಿತ ಬರೆಯುತ್ತಾರೆ.

ಮಂಡ್ಯದ ಸೊಸೆ, ಸ್ಯಾನ್ ಆಂಟೋನಿಯೊ · ಮಾರ್ಚ್ 16

ನಿನ್ನೆ ರಾತ್ರಿ ಊಟ ಆದ ಮೇಲೆ ಕೂತು ನೋಡಿದೆವು. ಬಲ ಕೆನ್ನೆ ಜಾರುತ್ತದೆ. ಎಡಗಡೆ ಕಲೆಯ ಕೆಳಭಾಗ, ಗದ್ದದ ಹತ್ತಿರ, ಅಲ್ಲಾಡುವುದೇ ಇಲ್ಲ. ಬೆರಳಿಗೆ ಸಣ್ಣ ಗುಳಿ ಸಿಗುತ್ತದೆ. ಹನ್ನೆರಡು ವರ್ಷದಲ್ಲಿ ಅವರು ನನ್ನನ್ನು ಆ ಜಾಗ ಮುಟ್ಟಲು ಬಿಟ್ಟದ್ದು ಇದೇ ಮೊದಲು. ನಾನು ಒತ್ತಿದ ತಕ್ಷಣ ಕಣ್ಣಲ್ಲಿ ನೀರು ಬಂತು ಅವರಿಗೆ. "ಇಷ್ಟು ನೋವಿದ್ದರೆ ಆವತ್ತು ಯಾಕೆ ಹೇಳಲಿಲ್ಲ?" ಅಂದೆ. "ಕೈ ಕಾಲು ಕಳೆದುಕೊಂಡವರು ಅದೇ ಬಾಗಿಲ ಹೊರಗೆ ಕೂತಿದ್ದರು ಕಣೇ. ನಾನು ಕೆನ್ನೆ ನೋವು ಅಂತ ಹೇಗೆ ಹೇಳಲಿ" ಅಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ.

ಅಗಿಯಲು ತೊಂದರೆ ಇಲ್ಲ ಸರ್. ಮರಗಟ್ಟಿಲ್ಲ. ಉರಿ ಮತ್ತು ಸೆಳೆತ.

ಮಂಡಿನೋವು, ಕೊಲರಾಡೊ · ಮಾರ್ಚ್ 16

ಅಕ್ಕ, ಅಣ್ಣನಿಗೆ ಹೇಳಿ. ನಾನೂ ಹಾಗೇ ಅಂದುಕೊಂಡು ಒಂಬತ್ತು ವರ್ಷ ಕಳೆದೆ. ಅವರಿಗೆ ಕೊಡುವುದರಲ್ಲಿ ಕಿತ್ತುಕೊಂಡು ನಮಗೆ ಕೊಡುವುದಿಲ್ಲ. ಕಾಲು ಹೋದವರ ರೇಟಿಂಗ್ ಅವರದು, ನಮ್ಮದು ನಮ್ಮದು. ಮುಂದಿನ ಪರೀಕ್ಷೆಯಲ್ಲಿ "ಈಗ ನೋವಿದೆಯಾ" ಅಂತ ಕೇಳಿದರೆ ಈಗಿನದನ್ನು ಹೇಳಲಿ, ಹಾಗೇ ಚಳಿಗೆ ಏನಾಗುತ್ತದೆ, ಗಡ್ಡ ಹೆರೆದರೆ ಏನಾಗುತ್ತದೆ, ವಾರಕ್ಕೆ ಎಷ್ಟು ಸಲ ಅನ್ನುವುದನ್ನೂ ಹೇಳಲಿ. ಇಲ್ಲದ್ದು ಸೇರಿಸುವುದು ಬೇಡ, ಇರುವುದನ್ನು ನುಂಗುವುದೂ ಬೇಡ.

ನರ್ಸಮ್ಮ, ಒಹಾಯೊ · ಮಾರ್ಚ್ 17

ಕೈಯ ಚರ್ಮ ಕಿತ್ತುಬಂದ ದಿನವೇ ಫೋಟೋ ತೆಗೆಯಿರಿ. ತಾರೀಖು ಕಾಣುವ ಹಾಗೆ ಇರಲಿ. ಪಕ್ಕದಲ್ಲಿ ಸ್ಕೇಲ್ ಇಡಿ. ಮುಖದ ಫೋಟೋಗೆ ಯಾವ ಫಿಲ್ಟರೂ ಬೇಡ. ಈಗಿನ ಫೋನ್‌ಗಳು ಕೇಳದೆಯೇ ಮುಖ ನುಣುಪು ಮಾಡುತ್ತವೆ, ಆ ಸೆಟ್ಟಿಂಗ್ ತೆಗೆದುಹಾಕಿ. ತಿದ್ದದ ಬಣ್ಣದ ಫೋಟೋಗಳನ್ನು ಪರಿಗಣಿಸಬೇಕು ಅಂತ 7800ರ ಟಿಪ್ಪಣಿಯಲ್ಲೇ ಇದೆ.

ಹೊಸಬ, ನ್ಯೂಜೆರ್ಸಿ · ಮಾರ್ಚ್ 17

ನನ್ನ ಸಹೋದ್ಯೋಗಿಗೂ ಇದನ್ನೆಲ್ಲ ಹೇಳಿದೆ. ಕಂಪನಿಗೆ ಇನ್ನೂ ಹಣ ಕೊಟ್ಟಿರಲಿಲ್ಲವಂತೆ. ನಾಳೆ ವಿಎಫ್‌ಡಬ್ಲ್ಯೂ ಆಫೀಸಿಗೆ ಹೋಗುತ್ತಾರೆ. ಒಂದು ಅನುಮಾನ. ಮುಖಕ್ಕೆ 30, ನೋವಿಗೆ 20, ಕಿವಿಗೆ 10 ಆದರೆ ಒಟ್ಟು 60 ಅಲ್ವಾ?

ಹಳೆ ಕಡತ, ವರ್ಜೀನಿಯಾ · ಮಾರ್ಚ್ 17

ಅಲ್ಲ. ಕೂಡುವುದಿಲ್ಲ, ಉಳಿದ ಆರೋಗ್ಯದಲ್ಲಿ ಕಳೆಯುತ್ತಾರೆ. 100ರಲ್ಲಿ 30 ಹೋದರೆ 70 ಉಳಿಯಿತು. ಆ 70ರಲ್ಲಿ ಶೇ 20 ಅಂದರೆ 14. ಈಗ 44. ಉಳಿದ 56ರಲ್ಲಿ ಶೇ 10 ಅಂದರೆ 5.6. ಒಟ್ಟು 49.6, ಅದು 50 ಅಂತ ಲೆಕ್ಕ. ಕೊನೆಯಲ್ಲಿ ಹತ್ತಿರದ ಹತ್ತಕ್ಕೆ ತರುತ್ತಾರೆ. ಈಗ ಅಮ್ಮನವರ ಪತ್ರದಲ್ಲಿ 10 ಮತ್ತು 10 ಸೇರಿ 20 ಬಂದಿದೆಯಲ್ಲ, ಅದೂ ನಿಜವಾಗಿ 19.

ಹಣದಲ್ಲಿ ಹೇಳುವುದಾದರೆ 2025ರಲ್ಲಿ ಶೇ 10ಕ್ಕೆ ತಿಂಗಳಿಗೆ 175.51 ಡಾಲರ್. ಶೇ 30ಕ್ಕೆ ಒಂಟಿಯಾಗಿ ಇರುವವರಿಗೆ 537.42. ಆದಾಯ ತೆರಿಗೆ ಇಲ್ಲ. 30 ಮುಟ್ಟಿದ ಮೇಲೆ ಹೆಂಡತಿ ಮಕ್ಕಳ ಲೆಕ್ಕವೂ ಸೇರುತ್ತದೆ.

ಮಂಡ್ಯದ ಸೊಸೆ, ಸ್ಯಾನ್ ಆಂಟೋನಿಯೊ · ಏಪ್ರಿಲ್ 22

ಚರ್ಮದ ಡಾಕ್ಟರ್ ಹತ್ತಿರ ಹೋಗಿ ಬಂದೆವು. ಪ್ರಶ್ನಾವಳಿ ತುಂಬಿಕೊಟ್ಟರು. ಬೆರಳಿಟ್ಟು ಪೂರ್ತಿ ನೋಡಿದರು. ಕೆಳಗಿನ 3 ಸೆಂಟಿಮೀಟರ್ ಅಂಟಿದೆ, ತಗ್ಗಿದೆ, ಮುಟ್ಟಿದರೆ ನೋವು ಅಂತ ಬರೆದರು. ಕೈಗೆ ನೋವಿದೆ ಅಂತ ಬರೆದರು. ಆವತ್ತು ಕೈಯ ಚರ್ಮ ಗಟ್ಟಿಯಾಗಿತ್ತು, ಹಾಗಾಗಿ ಕೀಳುವುದನ್ನು ಅವರು ಕಾಣಲಿಲ್ಲ. "ರೋಗಿ ಹೇಳುತ್ತಾರೆ" ಅಂತ ಬರೆದಿದ್ದಾರೆ. ನನ್ನ ಹೇಳಿಕೆ ಎರಡು ಪುಟ. ಎರಡು ಫೋಟೋ. ಡಿಎವಿಯ ಒಬ್ಬ ಮಹಾನುಭಾವರು ಎಲ್ಲ ಜೋಡಿಸಿ ಇವತ್ತು ಕಳಿಸಿದರು.

ಹಳೆ ಕಡತ, ವರ್ಜೀನಿಯಾ · ಏಪ್ರಿಲ್ 22

ಬಹಳ ಸಂತೋಷ. ಇನ್ನೊಂದು ಪರೀಕ್ಷೆಗೆ ಕರೆಯಬಹುದು. ತಪ್ಪಿಸಬೇಡಿ. ಮುಖ ಮುಟ್ಟದಿದ್ದರೆ "ಮುಟ್ಟಿ ನೋಡುತ್ತೀರಾ?" ಅಂತ ಅವರೇ ಕೇಳಲಿ. ಅದರಲ್ಲಿ ತಪ್ಪೇನೂ ಇಲ್ಲ.

ಮಂಡ್ಯದ ಸೊಸೆ, ಸ್ಯಾನ್ ಆಂಟೋನಿಯೊ · ಸೆಪ್ಟೆಂಬರ್ 20

ಪತ್ರ ಬಂತು! ಮುಖಕ್ಕೆ ಶೇ 30, ಮೊದಲ ಕ್ಲೇಮಿನ ತಾರೀಖಿನಿಂದ. ಮೂರು ಲಕ್ಷಣ ಒಪ್ಪಿದ್ದಾರೆ. ಎರಡು ಕಲೆಯ ನೋವಿಗೆ ಶೇ 10. ನನ್ನ ಹೇಳಿಕೆಯ ಗಡ್ಡದ ಸಾಲನ್ನು ಹಾಗೆಯೇ ಎತ್ತಿ ಬರೆದಿದ್ದಾರೆ. ಒಟ್ಟು ಶೇ 40. ನಿಮ್ಮೆಲ್ಲರಿಗೂ ಹೇಗೆ ಧನ್ಯವಾದ ಹೇಳಲಿ.

ಕೈಯ ಚರ್ಮ ಕೀಳುವುದನ್ನು ಮಾತ್ರ ಒಪ್ಪಿಲ್ಲ. ಎರಡೇ ಫೋಟೋ, ಅವೂ ಒಂದೇ ವಾರದವು, ಪದೇ ಪದೇ ಆಗುತ್ತದೆ ಅನ್ನುವುದಕ್ಕೆ ಸಾಲದು ಅಂತ. ಇನ್ನು 10ಕ್ಕಾಗಿ ಮತ್ತೆ ಓಡಾಡುವುದು ಬೇಕಾ ಸರ್? ಇವರು ಸಾಕು ಬಿಡು ಅನ್ನುತ್ತಾರೆ.

ಹಳೆ ಕಡತ, ವರ್ಜೀನಿಯಾ · ಸೆಪ್ಟೆಂಬರ್ 20

ಅಮ್ಮ, ಕಣ್ಣು ತುಂಬಿ ಬಂತು ಓದಿ.

ಬೇಕಾ ಅಂದರೆ ಲೆಕ್ಕ ಹಾಕಿ ಹೇಳುತ್ತೇನೆ. ಈಗ 30, 10, 10. ಅದು 43, ಅಂದರೆ 40. ನೋವಿನ 10 ಜಾಗದಲ್ಲಿ 20 ಆದರೆ ಮೇಲೆ ಹೇಳಿದ ಲೆಕ್ಕವೇ, 50. ಕಿವಿಯ 10 ಇಲ್ಲದಿದ್ದರೆ 37 ಮತ್ತು 44, ಎರಡೂ 40ಕ್ಕೇ ಬರುತ್ತಿದ್ದವು, ಸುಮ್ನಿರಿ ಅನ್ನುತ್ತಿದ್ದೆ. ನಿಮ್ಮ ವಿಷಯದಲ್ಲಿ ಆ ಹತ್ತು ನಿಜವಾಗಿ ಲೆಕ್ಕಕ್ಕೆ ಬರುತ್ತದೆ. ಇನ್ನೂ ಒಂದು ವರ್ಷ ಸಮಯ ಇದೆ. ಚಳಿಗಾಲ ಬರಲಿ, ತುಂಬು ತೋಳಿನ ಅಂಗಿ ಹಾಕುವ ದಿನಗಳು. ಕಿತ್ತಾಗಲೆಲ್ಲ ಒಂದು ಫೋಟೋ. ಮಾರ್ಚ್ ಹೊತ್ತಿಗೆ ಏಳೆಂಟು ಆದರೆ "ಪದೇ ಪದೇ" ಅನ್ನುವುದಕ್ಕೆ ಬೇರೆ ಮಾತು ಬೇಡ. ಡಾಕ್ಟರಿಗೂ ತೋರಿಸಿ ಬರೆಸಿಕೊಳ್ಳಿ.

ಮಂಡ್ಯದ ಸೊಸೆ, ಸ್ಯಾನ್ ಆಂಟೋನಿಯೊ · ನವೆಂಬರ್ 30

ಹಾಗೆಯೇ ಮಾಡುತ್ತಿದ್ದೇವೆ ಸರ್. ಈ ತಿಂಗಳು ಮೂರು ಸಲ ಆಯಿತು. ಮೊದಲ ಎರಡು ಸಲ ನಾನೇ ನೋಡಿ ಹಟ ಹಿಡಿದು ತೆಗೆದದ್ದು. ನಿನ್ನೆ ಅಡುಗೆ ಮಾಡುತ್ತಿದ್ದೆ. ಗ್ಯಾರೇಜಿನಿಂದ ಅವರೇ ಕೂಗಿದರು, "ಬಾರೇ, ಚರ್ಮ ಎದ್ದಿದೆ, ಸ್ಕೇಲ್ ತಗೊಂಡು ಬಾ."